ಕರಗಿದ್ದು ಹರಳಾಗುವ ಹೊತ್ತು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಕರಗುವಿಕೆ ಮತ್ತು ಹರಳುಗಟ್ಟುವಿಕೆಯ ಬಗ್ಗೆ ಬಂದ ಪತ್ರಗಳಲ್ಲಿ ಒಂಬತ್ತನ್ನು ಈ ಸಲ ಆರಿಸಿಕೊಂಡಿದ್ದೇವೆ. ಅರ್ಧಕ್ಕರ್ಧ ಪತ್ರಗಳ ಅಳಲು ಒಂದೇ: ‘ಪುಸ್ತಕದಲ್ಲಿ ಹೇಳಿದಂತೆಯೇ ಮಾಡಿದೆ, ಹರಳು ಬರಲಿಲ್ಲ.’ ಹಾಗಾಗಿ ಪುಸ್ತಕ ಹೇಳದೆ ಬಿಟ್ಟ ವಿಷಯಗಳಿಗೇ ಇಲ್ಲಿ ಹೆಚ್ಚು ಜಾಗ. ‘ಕರಗುವ ಮಿತಿ’ ಎಂದಲ್ಲೆಲ್ಲ 100 ಗ್ರಾಂ ನೀರಿನಲ್ಲಿ ಆಯಾ ತಾಪಮಾನಕ್ಕೆ ಹೆಚ್ಚೆಂದರೆ ಎಷ್ಟು ಗ್ರಾಂ ಕರಗುತ್ತದೆ ಎಂದು ಓದಿಕೊಳ್ಳಿ. ತಾಪಮಾನವೆಲ್ಲ ಸೆಲ್ಸಿಯಸ್‌ನಲ್ಲಿದೆ. ಮಿತಿ ಮುಟ್ಟಿದ ದ್ರಾವಣ ಪರ್ಯಾಪ್ತ. ಮಿತಿ ಮೀರಿಯೂ ಏನನ್ನೂ ಹೊರಹಾಕದೆ ತಿಳಿಯಾಗಿ ನಿಂತದ್ದು ಅತಿಪರ್ಯಾಪ್ತ.

ಪ್ರಶ್ನೆ: ಕುದಿಯುವ ನೀರಿಗೆ ಇನ್ನು ಕರಗದು ಎನ್ನುವವರೆಗೆ ಅಡುಗೆ ಉಪ್ಪು ಹಾಕಿ, ಸೋಸಿ, ರಾತ್ರಿಯಿಡೀ ತಣಿಯಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಚಿಟಿಕೆಯಷ್ಟು ಪುಡಿ ಬಿಟ್ಟು ಏನೂ ಇಲ್ಲ. ಮೈಲುತುತ್ತದಲ್ಲಿ (ತಾಮ್ರದ ಸಲ್ಫೇಟ್) ಹೀಗೇ ಮಾಡಿದರೆ ಪಾತ್ರೆ ತುಂಬ ಹರಳು ಬರುತ್ತದಲ್ಲ?

ಉತ್ತರ: ಉಪ್ಪಿನಲ್ಲಿ ದೋಷವಿಲ್ಲ, ನೀವು ಹಿಡಿದ ದಾರಿ ಅದಕ್ಕೆ ಒಗ್ಗುವುದಿಲ್ಲ. ಅಡುಗೆ ಉಪ್ಪಿನ ಕರಗುವ ಮಿತಿ 20 ಡಿಗ್ರಿಯಲ್ಲಿ 36 ಗ್ರಾಂ, 100 ಡಿಗ್ರಿಯಲ್ಲಿ 39ಕ್ಕೆ ತುಸು ಮೇಲೆ. 100 ಗ್ರಾಂ ನೀರು ಕುದಿಯುವ ಹಂತದಿಂದ ಕೋಣೆಯ ತಾಪಮಾನಕ್ಕೆ ಇಳಿದಾಗ ಹೊರಬೀಳಬೇಕಾದದ್ದೇ 3 ಗ್ರಾಂ ಚಿಲ್ಲರೆ. ನಿಮಗೆ ಸಿಕ್ಕ ಪುಡಿ ಅದೇ. ಪೆಟ್ಲುಪ್ಪಿನ (ಪೊಟ್ಯಾಸಿಯಂ ನೈಟ್ರೇಟ್) ಲೆಕ್ಕ ನೋಡಿ: 20 ಡಿಗ್ರಿಯಲ್ಲಿ 32 ಗ್ರಾಂ, 60ರಲ್ಲಿ 109. ಕುದಿಸುವುದೇ ಬೇಡ, 60ರಿಂದ ಇಳಿಸಿದರೂ 77 ಗ್ರಾಂ ಹರಳು. ಮೈಲುತುತ್ತವೂ ಇದೇ ಜಾತಿ. ಹರಳಿನೊಳಗಿನ ನೀರನ್ನು ಬಿಟ್ಟು ಲೆಕ್ಕ ಹಾಕಿದರೆ 20 ಡಿಗ್ರಿಯಲ್ಲಿ 20 ಗ್ರಾಂನಷ್ಟಿರುವ ಮಿತಿ 100 ಡಿಗ್ರಿಯಲ್ಲಿ 75ರ ಆಸುಪಾಸಿಗೆ ಏರುತ್ತದೆ.

‘ಹರಳಿನೊಳಗಿನ ನೀರನ್ನು ಬಿಟ್ಟು’ ಎಂದದ್ದಕ್ಕೆ ಕಾರಣವಿದೆ. ಕೋಷ್ಟಕಗಳಲ್ಲಿ ಮೈಲುತುತ್ತ, ಪಟಿಕ ಇವುಗಳಿಗೆ ಒಂದೊಂದು ಕಡೆ ಒಂದೊಂದು ಅಂಕಿ ಕಾಣುತ್ತದೆ. ಕೆಲವು ಒಣ ಲವಣದ ತೂಕ ಹೇಳುತ್ತವೆ, ಕೆಲವು ಹರಳಿನ ತೂಕ. 20 ಗ್ರಾಂ ಒಣ ಮೈಲುತುತ್ತ ಎಂದರೆ ಸುಮಾರು 31 ಗ್ರಾಂ ನೀಲಿ ಹರಳು. ಉಳಿದ 11 ಗ್ರಾಂ ನೀರೇ. ಕೋಷ್ಟಕ ಯಾವುದರ ತೂಕ ಹೇಳುತ್ತಿದೆ ಎಂದು ನೋಡದೆ ತಕ್ಕಡಿ ಹಿಡಿಯಬೇಡಿ.

ಉಪ್ಪಿನ ಹರಳು ಬೇಕಾದರೆ ತಣಿಸಬೇಡಿ, ನೀರನ್ನು ಆರಿಸಿ. 100 ಮಿ.ಲೀ. ಪರ್ಯಾಪ್ತ ಉಪ್ಪುನೀರು ಸುಮಾರು 120 ಗ್ರಾಂ ತೂಗುತ್ತದೆ. ಅದರಲ್ಲಿ ಉಪ್ಪು 32 ಗ್ರಾಂ, ನೀರು 88. ಆರಿಹೋದ ಪ್ರತಿ ಗ್ರಾಂ ನೀರಿಗೆ 0.36 ಗ್ರಾಂ ಉಪ್ಪು ಕೆಳಗಿಳಿಯಲೇಬೇಕು. ಅಗಲ ಬಾಯಿಯ ಗಾಜಿನ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ಎತ್ತರಕ್ಕೆ ದ್ರಾವಣ ಹಾಕಿ, ಮೇಲೆ ಕಾಗದ ಮುಚ್ಚಿ, ಅಲುಗಾಡದ ಕಡೆ ಇಡಿ. ಬಿಸಿಲಿಗಿಟ್ಟರೆ ಬೇಗ ಬರುತ್ತದೆ, ಆದರೆ ಬರುವುದು ಟೊಳ್ಳು ಹರಳು: ನಾಲ್ಕು ಬದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕಿಳಿದ ಪುಟ್ಟ ಕಲ್ಯಾಣಿಯ ಹಾಗೆ. ಹರಳಿನ ಮೂಲೆ ಮತ್ತು ಅಂಚುಗಳು ದ್ರಾವಣಕ್ಕೆ ಚಾಚಿಕೊಂಡಿರುವುದರಿಂದ ಅವಕ್ಕೆ ಮೊದಲು ಪೂರೈಕೆ ಸಿಗುತ್ತದೆ. ಬೆಳವಣಿಗೆ ಚುರುಕಾಗಿದ್ದಷ್ಟೂ ಮುಖದ ನಡುಭಾಗ ಹಿಂದೆ ಬೀಳುತ್ತದೆ. ನಿಧಾನಕ್ಕೆ ಆರಿದರೆ ಮಾತ್ರ ತುಂಬಿದ ಘನಾಕೃತಿ.

ಇನ್ನೆರಡು ಮಾತು. ಪೊಟ್ಟಣದ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲೆಂದು ಬೆರೆಸುವ ಪದಾರ್ಥ ನೀರನ್ನು ಮಬ್ಬಾಗಿಸುತ್ತದೆ. ಆ ಪದಾರ್ಥ ಫೆರೊಸಯನೈಡ್ ಆಗಿದ್ದರಂತೂ ಹರಳಿನ ಆಕಾರವನ್ನೇ ಕೆಡಿಸಿ ಕವಲು ಕವಲಾಗಿಸುತ್ತದೆ. ಬೆರಕೆಯಿಲ್ಲದ ಕಲ್ಲುಪ್ಪನ್ನು ಕರಗಿಸಿ, ಗಸಿ ಕೂತ ಮೇಲೆ ತಿಳಿಯನ್ನು ಸೋಸಿ ಬಳಸಿ. ಎರಡನೆಯದು, ಉಪ್ಪು ತಟ್ಟೆಯ ಗೋಡೆ ಹತ್ತಿ ಹೊರಗಿಳಿಯುವ ಕಾಟ. ಅಂಚಿನಲ್ಲಿ ಮೂಡಿದ ಹರಳುಗಳ ಸಂದಿನಲ್ಲಿ ದ್ರಾವಣ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿ, ಅಲ್ಲೇ ಆರಿ, ಇನ್ನೂ ಮೇಲಕ್ಕೆ ದಾರಿ ಮಾಡಿಕೊಳ್ಳುತ್ತದೆ. ದ್ರಾವಣ ಸುರಿಯುವ ಮೊದಲೇ ಒಳ ಅಂಚಿಗೆ ಒಂದು ಬೆರಳಗಲ ವ್ಯಾಸಲೀನ್ ಸವರಿದರೆ ಏರುವುದು ನಿಲ್ಲುತ್ತದೆ.

ಪ್ರಶ್ನೆ (ವಿಜ್ಞಾನ ಶಿಕ್ಷಕರೊಬ್ಬರಿಂದ): ಪರ್ಯಾಪ್ತ ದ್ರಾವಣವೆಂದರೆ ಸೀಟು ತುಂಬಿದ ಬಸ್ಸಿನಂತೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ‘ಹಾಗಾದರೆ ಉಪ್ಪು ತುಂಬಿದ ನೀರಿಗೆ ಪೆಟ್ಲುಪ್ಪು ಹಾಕಿದರೆ ಹೇಗೆ ಕರಗುತ್ತದೆ ಸರ್?’ ಎಂದಳು ಒಬ್ಬ ಹುಡುಗಿ. ಅವಳಿಗೆ ಏನು ಹೇಳಲಿ?

ಉತ್ತರ: ನೀನು ಹೇಳಿದ್ದೇ ಸರಿ ಎನ್ನಿ. ಬಸ್ಸಿನ ಹೋಲಿಕೆಯನ್ನು ಕೈಬಿಡುವುದೇ ಒಳ್ಳೆಯದು. ನೀರಿನಲ್ಲಿ ಖಾಲಿ ಸೀಟುಗಳೇನೂ ಇಲ್ಲ. ಪರ್ಯಾಪ್ತ ಎಂಬುದು ಒಂದು ಘನವಸ್ತುವಿಗೂ ಅದರದೇ ಅಯಾನುಗಳಿಗೂ (ನೀರಿನಲ್ಲಿ ಬಿಡಿಯಾದ, ವಿದ್ಯುದಂಶವಿರುವ ಕಣಗಳು) ನಡುವಿನ ಲೆಕ್ಕ. ತಳದಲ್ಲಿ ಕೂತ ಉಪ್ಪಿನಿಂದ ಕ್ಷಣಕ್ಷಣಕ್ಕೂ ಅಯಾನುಗಳು ನೀರಿಗೆ ಹೋಗುತ್ತಲೇ ಇರುತ್ತವೆ, ಅಷ್ಟೇ ಸಂಖ್ಯೆಯವು ಮರಳಿ ಬಂದು ಹರಳಿಗೆ ಅಂಟುತ್ತಲೇ ಇರುತ್ತವೆ. ಎರಡು ಬಾಗಿಲ ಕೋಣೆಯಲ್ಲಿ ಒಳಬರುವವರೂ ಹೊರಹೋಗುವವರೂ ಸಮವಾದಾಗ ತಲೆ ಎಣಿಕೆ ಬದಲಾಗದು. ಜನ ಮಾತ್ರ ಬದಲಾಗುತ್ತಿರುತ್ತಾರೆ. ವಿಕಿರಣಶೀಲ ಪರಮಾಣುಗಳಿರುವ ಉಪ್ಪನ್ನು ಅದಾಗಲೇ ಪರ್ಯಾಪ್ತವಾದ ಸಾದಾ ಉಪ್ಪುನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ದ್ರಾವಣದಲ್ಲೂ ವಿಕಿರಣ ಕಾಣಿಸುತ್ತದೆ, ಕರಗಿದ ಒಟ್ಟು ಪ್ರಮಾಣ ಬದಲಾಗದೆಯೇ.

ತರಗತಿಯಲ್ಲಿ ತೋರಿಸಬಹುದಾದದ್ದು ಬೇರೆ ಇದೆ. ನುಣ್ಣಗೆ ಪುಡಿ ಮಾಡಿದ ಪಟಿಕವನ್ನು ಅದರದೇ ಪರ್ಯಾಪ್ತ ದ್ರಾವಣದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಡಿ. ಕೆಲವು ವಾರಗಳಲ್ಲಿ ಪುಡಿ ಕಾಳುಕಾಳಾಗಿರುತ್ತದೆ. ಸಣ್ಣ ಕಣಗಳು ದೊಡ್ಡವಕ್ಕಿಂತ ತುಸು ಹೆಚ್ಚು ಕರಗುತ್ತವೆ. ಸಣ್ಣದು ಕರಗಿ ದೊಡ್ಡದಕ್ಕೆ ಸೇರುತ್ತದೆ. ಹಗಲಿನ ಬಿಸಿ, ರಾತ್ರಿಯ ತಂಪು ಇದನ್ನು ಚುರುಕಾಗಿಸುತ್ತದೆ. 1909ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ವಿಲ್ಹೆಲ್ಮ್ ಆಸ್ಟ್‌ವಾಲ್ಡ್ ಹೆಸರಿನಿಂದಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ಏನೂ ನಡೆಯುತ್ತಿಲ್ಲ ಎಂದು ಕಾಣುವ ಬಾಟಲಿಯಲ್ಲಿ ಎಷ್ಟು ಓಡಾಟವಿದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ.

ಪ್ರಶ್ನೆ: ಪಟಿಕದ ದೊಡ್ಡ ಹರಳು ಬೆಳೆಸಲು ಮೂರು ಸಲ ಹೆಣಗಿದೆ. ಮೊದಲ ಸಲ ದಾರಕ್ಕೆ ಕಟ್ಟಿದ ಬೀಜದ ಹರಳೇ ಕರಗಿಹೋಯಿತು. ಎರಡನೇ ಸಲ ದಾರದುದ್ದಕ್ಕೂ ಸಣ್ಣ ಹರಳು ಹತ್ತಿ ಮಾಲೆಯಂತಾಯಿತು. ಮೂರನೇ ಸಲ ದೊಡ್ಡದೇನೋ ಬಂತು, ಆದರೆ ಹಾಲಿನಂತೆ ಬೆಳ್ಳಗಿತ್ತು. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೂರೂ ಒಂದೇ ತಪ್ಪಿನ ಮೂರು ಮುಖಗಳು. ದ್ರಾವಣ ತನ್ನ ಮಿತಿಯಿಂದ ಎಷ್ಟು ದೂರದಲ್ಲಿದೆ ಎಂಬುದು ನಿಮ್ಮ ಹಿಡಿತದಲ್ಲಿರಲಿಲ್ಲ. ಮೊದಲ ಸಲ ಮಿತಿಗಿಂತ ಕೆಳಗಿತ್ತು, ಬೀಜವನ್ನು ತಿಂದಿತು. ಎರಡನೇ ಸಲ ಮಿತಿಗಿಂತ ಬಹಳ ಮೇಲಿತ್ತು. ದಾರದ ಪ್ರತಿ ಜುಂಗಿನಲ್ಲೂ ಹೊಸ ಹರಳು ಮೊಳೆಯಿತು. ಮೂರನೇ ಸಲ ಬೀಜ ಉಳಿಯಿತು, ಆದರೆ ಅವಸರದ ಬೆಳವಣಿಗೆಯಲ್ಲಿ ದ್ರಾವಣದ ಸಣ್ಣ ಸಣ್ಣ ಹನಿಗಳು ಒಳಗೆ ಸಿಕ್ಕಿಕೊಂಡವು. ಬೆಳ್ಳಗೆ ಕಾಣುವುದು ಆ ಹನಿಗಳೇ.

ಪಟಿಕದ ಮಿತಿ, ಹರಳಿನ ತೂಕದಲ್ಲಿ, ಹೀಗಿದೆ: 20 ಡಿಗ್ರಿಯಲ್ಲಿ 11.4 ಗ್ರಾಂ, 30ರಲ್ಲಿ 16.6, 40ರಲ್ಲಿ 23.8, 60ರಲ್ಲಿ 57.4. ಇದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಮೊದಲು ಬೀಜ. 100 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ 20 ಗ್ರಾಂ ಪಟಿಕವನ್ನು 50 ಡಿಗ್ರಿಯವರೆಗೆ ಬಿಸಿ ಮಾಡಿ ಕರಗಿಸಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಅಗಲ ತಟ್ಟೆಗೆ ಸುರಿದು ಮುಚ್ಚಿಡಿ. ಒಂದೆರಡು ದಿನಕ್ಕೆ ತಳದಲ್ಲಿ ಹರಳುಗಳು ಕೂರುತ್ತವೆ. ಒಂದಕ್ಕೊಂದು ಅಂಟದ, 4-5 ಮಿಲಿಮೀಟರ್‌ನ, ಮುಖಗಳು ನಯವಾಗಿ ಹೊಳೆಯುವ ಒಂದನ್ನು ಆರಿಸಿ. ಆತುರಕ್ಕೆ ಬಿದ್ದು ವಕ್ರ ಬೀಜ ಹಿಡಿದರೆ ಆ ವಕ್ರತನವೇ ದೊಡ್ಡದಾಗುತ್ತದೆ. ಕಟ್ಟಲು ಹತ್ತಿ ದಾರ ಬೇಡ, ಕೂದಲೆಳೆಯಷ್ಟು ತೆಳುವಾದ ನೈಲಾನ್ ಎಳೆ ಇರಲಿ.

ಆಮೇಲೆ ಬೆಳೆಸುವ ದ್ರಾವಣ. ಅರ್ಧ ಲೀಟರ್ ನೀರಿನಲ್ಲಿ 120 ಗ್ರಾಂ ಪಟಿಕ ಹಾಕಿ 60 ಡಿಗ್ರಿಗೆ ಬಿಸಿ ಮಾಡಿ, ಎಲ್ಲವೂ ಕರಗುತ್ತದೆ. ಕೋಣೆಯ ತಾಪಮಾನಕ್ಕೆ ತಣಿದ ಮೇಲೆ ಚಿಟಿಕೆ ಪಟಿಕದ ಪುಡಿ ಉದುರಿಸಿ, ಒಂದು ದಿನ ಆಗಾಗ ಕಲಕುತ್ತಿರಿ. ಹೆಚ್ಚುವರಿಯೆಲ್ಲ ತಳಕ್ಕಿಳಿಯುತ್ತದೆ. ಈಗ ಮೇಲಿನ ತಿಳಿ ನಿಮ್ಮ ಕೋಣೆಗೆ ತಕ್ಕ ಪರ್ಯಾಪ್ತ ದ್ರಾವಣ, ಅಂದಾಜಿನದಲ್ಲ, ನಿಖರವಾದದ್ದು. ಅದರಲ್ಲಿ 400 ಮಿ.ಲೀ. ಸೋಸಿ ಬೇರೆ ಜಾಡಿಗೆ ತೆಗೆದು, ಹೆಚ್ಚುವರಿಯಾಗಿ 8 ಗ್ರಾಂ ಪಟಿಕ ಹಾಕಿ, 45 ಡಿಗ್ರಿಯವರೆಗೆ ಬಿಸಿ ಮಾಡಿ ಪೂರ್ತಿ ಕರಗಿಸಿ, ಮುಚ್ಚಿ ತಣಿಸಿ. ಮಿತಿಯನ್ನು ಮೂರ್ನಾಲ್ಕು ಡಿಗ್ರಿಯಷ್ಟು ಮಾತ್ರ ಮೀರಿದ ದ್ರಾವಣ ಸಿದ್ಧ. ಇಷ್ಟರಲ್ಲಿ ಹೊಸ ಹರಳು ತಾನಾಗಿ ಮೊಳೆಯುವುದು ಅಪರೂಪ. ಇರುವ ಬೀಜ ಮಾತ್ರ ಬೆಳೆಯುತ್ತದೆ.

ಬೀಜವನ್ನು ಇಳಿಸುವ ಮೊದಲು ಶುದ್ಧ ನೀರಿನಲ್ಲಿ ಒಂದೇ ಕ್ಷಣ ಅದ್ದಿ ತೆಗೆಯಿರಿ. ಮೈಗಂಟಿದ ಪುಡಿಹರಳು ತೊಳೆದುಹೋಗುತ್ತದೆ. ದ್ರಾವಣಕ್ಕಿಳಿಸಿ, ಜಾಡಿಯ ಹಿಂದೆ ಟಾರ್ಚ್ ಹಿಡಿದು ಕಣ್ಣಿಟ್ಟು ನೋಡಿ. ಬೀಜದಿಂದ ಸಕ್ಕರೆ ಪಾಕದ ಎಳೆಯಂಥ ಗೆರೆ ಕೆಳಗೆ ಇಳಿಯುತ್ತಿದ್ದರೆ ಅದು ಕರಗುತ್ತಿದೆ, ಕೂಡಲೇ ಹೊರತೆಗೆಯಿರಿ. ಗೆರೆ ಮೇಲಕ್ಕೆ ಏಳುತ್ತಿದ್ದರೆ ಬೆಳೆಯುತ್ತಿದೆ ಎಂದರ್ಥ. ಹರಳಿನ ಸುತ್ತಲಿನ ದ್ರಾವಣ ತನ್ನ ಪಟಿಕವನ್ನು ಅದಕ್ಕೆ ಕೊಟ್ಟು ಹಗುರಾಗಿ ಮೇಲೇಳುತ್ತದೆ. ಥರ್ಮಾಮೀಟರ್‌ಗಿಂತ ಈ ಗೆರೆಯನ್ನು ನಂಬಬಹುದು.

ಜಾಡಿಯ ಬಾಯಿಗೆ ಕಾಗದ ಕಟ್ಟಿ, ಜಾಡಿಯನ್ನು ನೀರು ತುಂಬಿದ ಬಕೆಟ್ಟಿನಲ್ಲೋ ಥರ್ಮಾಕೋಲ್ ಪೆಟ್ಟಿಗೆಯಲ್ಲೋ ಇಡಿ. ಹಗಲು ರಾತ್ರಿಯ ತಾಪಮಾನ ಐದು ಡಿಗ್ರಿ ಏರಿಳಿದರೆ ಹಗಲು ಮೂಲೆಗಳು ಕರಗಿ ದುಂಡಾಗುತ್ತವೆ, ರಾತ್ರಿ ಅವಸರದಲ್ಲಿ ಬೆಳೆದು ಮಬ್ಬು ಪದರ ಕೂರುತ್ತದೆ. ದಿನಕ್ಕೆ ಒಂದು ಮಿಲಿಮೀಟರ್‌ನ ಆಸುಪಾಸು ಬೆಳೆದರೆ ತಿಳಿಯಾಗಿ ಬರುತ್ತದೆ. ತಳದಲ್ಲಿ ಬೇರೆ ಹರಳು ಕಂಡರೆ ಸುಮ್ಮನಿರಬೇಡಿ, ಅವು ಪಾಲು ಕೇಳುತ್ತವೆ. ಬೀಜವನ್ನು ತೆಗೆದು ಒರೆಸಿಟ್ಟು, ದ್ರಾವಣವನ್ನು ಮತ್ತೆ ಬಿಸಿ ಮಾಡಿ, ಸೋಸಿ, ತಣಿಸಿ, ಮತ್ತೆ ಇಳಿಸಿ.

ಎಷ್ಟು ದಿನ ಎಂದು ಎಲ್ಲರೂ ಕೇಳುತ್ತಾರೆ. ಪಟಿಕದ ಹರಳಿಗೆ ಎಂಟು ಮುಖ. ಅಂಚು 2 ಸೆಂಟಿಮೀಟರ್ ಇದ್ದರೆ ತೂಕ ಸುಮಾರು 6.6 ಗ್ರಾಂ, 4 ಸೆಂಟಿಮೀಟರ್ ಆದರೆ 53 ಗ್ರಾಂ. ಅಳತೆ ಎರಡು ಪಟ್ಟು, ತೂಕ ಎಂಟು ಪಟ್ಟು. ಈ 46 ಗ್ರಾಂ ವ್ಯತ್ಯಾಸ ಆವಿಯಾಗುವುದರಿಂದಲೇ ಬರಬೇಕಾದರೆ, 28 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 300 ಮಿ.ಲೀ. ನೀರು ಆರಬೇಕು. ಕಾಗದ ಮುಚ್ಚಿದ ಜಾಡಿಯಲ್ಲಿ ಅದು ವಾರಗಳ ಮಾತು. ಮೆಕ್ಸಿಕೊದ ನೈಕಾ ಗಣಿಯ ಗುಹೆಯಲ್ಲಿ ಹತ್ತು ಮೀಟರ್ ಮೀರಿದ ಜಿಪ್ಸಂ ಹರಳುಗಳಿವೆ. ಅಲ್ಲಿನ ನೀರು ಸುಮಾರು 58 ಡಿಗ್ರಿಯಲ್ಲಿ, ಮಿತಿಯನ್ನು ಕೂದಲೆಳೆಯಷ್ಟೇ ಮೀರಿ, ಲಕ್ಷಾಂತರ ವರ್ಷ ಹಾಗೇ ನಿಂತಿತ್ತು. ನಿಮ್ಮ ಬಕೆಟ್ಟು ಮಾಡಬೇಕಾದದ್ದೂ ಅದನ್ನೇ.

ಬೆಳೆದ ಹರಳನ್ನು ತೊಳೆಯಬೇಡಿ, ಒರೆಸಿ ಒಣಗಿಸಿ. ಬಣ್ಣವಿಲ್ಲದ ಉಗುರು ಪಾಲಿಷ್ ಒಂದು ಕೋಟ್ ಹಚ್ಚಿದರೆ ಒಣ ಹವೆಗೆ ಒಳಗಿನ ನೀರು ಬಿಟ್ಟು ಪುಡಿಪುಡಿಯಾಗುವುದಿಲ್ಲ.

ಪ್ರಶ್ನೆ: ಮೈಲುತುತ್ತವನ್ನು ನಲ್ಲಿ ನೀರಿನಲ್ಲಿ ಕರಗಿಸಿದರೆ ತಿಳಿ ನೀಲಿ ಬರುವ ಬದಲು ಮಬ್ಬು ಹಸಿರುನೀಲಿ ಬರುತ್ತದೆ. ಕಲಕಿದ ಕಬ್ಬಿಣದ ಚಮಚ ಕೆಂಪಾಯಿತು. ಏಕೆ?

ಉತ್ತರ: ಗಡಸು ನೀರಿನ ಬೈಕಾರ್ಬನೇಟ್ ತಾಮ್ರದೊಂದಿಗೆ ಸೇರಿ ಕರಗದ ಕಾರ್ಬನೇಟ್ ಆಗುತ್ತದೆ, ಅದೇ ಮಬ್ಬು. ಭಟ್ಟಿ ಇಳಿಸಿದ ನೀರು ಬಳಸಿ. ಆಗಲೂ ತುಸು ಮಬ್ಬಿದ್ದರೆ ಲೀಟರಿಗೆ ಕೆಲವು ಹನಿ ದುರ್ಬಲ ಸಲ್ಫ್ಯೂರಿಕ್ ಆಮ್ಲ ಸಾಕು. ಚಮಚದ ಕೆಂಪು ತಾಮ್ರವೇ: ಕಬ್ಬಿಣ ಕರಗಿ ದ್ರಾವಣಕ್ಕೆ ಹೋಯಿತು, ತಾಮ್ರ ಹೊರಬಂದು ಅದರ ಮೇಲೆ ಕೂತಿತು. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಗಾಜು ಅಥವಾ ಪ್ಲಾಸ್ಟಿಕ್, ಕೈಗೆ ಗ್ಲೌಸು. ಉಳಿದ ದ್ರಾವಣವನ್ನು ಚರಂಡಿಗೋ ಕೆರೆಗೋ ಸುರಿಯಬೇಡಿ, ಮೀನಿಗೆ ವಿಷ. ಬಾಟಲಿಗೆ ಹಾಕಿ ಚೀಟಿ ಅಂಟಿಸಿಟ್ಟರೆ ಮುಂದಿನ ಸಲಕ್ಕೆ ಅದೇ ದ್ರಾವಣ ಬರುತ್ತದೆ.

ಪ್ರಶ್ನೆ: ಒಳಗಿನ ತಗಡನ್ನು ‘ಟಿಕ್’ ಎನಿಸಿದರೆ ಬಿಸಿಯಾಗುವ ಶಾಖದ ಚೀಲದಲ್ಲಿ ಏನಿರುತ್ತದೆ? ಮನೆಯಲ್ಲಿ ವಿನೆಗರ್ ಮತ್ತು ಅಡುಗೆ ಸೋಡಾದಿಂದ ಮಾಡಲು ಹೋದೆ. ತಣಿಯುವ ಮೊದಲೇ ಗಟ್ಟಿಯಾಯಿತು.

ಉತ್ತರ: ಚೀಲದಲ್ಲಿರುವುದು ಸೋಡಿಯಂ ಅಸಿಟೇಟ್, ಪ್ರತಿ ಅಣುವಿಗೆ ಮೂರು ನೀರು ಹಿಡಿದುಕೊಂಡ ಲವಣ. 58 ಡಿಗ್ರಿಯಲ್ಲಿ ಇದು ತನ್ನದೇ ನೀರಿನಲ್ಲಿ ಕರಗಿ ದ್ರವವಾಗುತ್ತದೆ. ತಣಿಸಿದರೆ ಮತ್ತೆ ಗಟ್ಟಿಯಾಗಬೇಕಲ್ಲ? ಆಗುವುದಿಲ್ಲ. ಹರಳು ಕಟ್ಟಲು ಬೇಕಾದ ಮೊದಲ ಜೋಡಣೆ ತಾನಾಗಿ ಕೂಡಿಬರುವುದು ಇದರಲ್ಲಿ ಬಲು ಕಷ್ಟ, ಹಾಗಾಗಿ ಕೋಣೆಯ ತಾಪಮಾನದಲ್ಲೂ ದ್ರವವಾಗಿಯೇ ತಡೆದು ನಿಂತಿರುತ್ತದೆ. ತಗಡಿನ ಸೂಕ್ಷ್ಮ ಬಿರುಕಿನಲ್ಲಿ ಸಿಕ್ಕಿಕೊಂಡ ಹರಳಿನ ಚೂರು ಟಿಕ್ ಎಂದಾಗ ಹೊರಬಿದ್ದು ಬೀಜವಾಗುತ್ತದೆ ಎಂಬುದು ಒಪ್ಪಿತ ವಿವರಣೆ. ಗಟ್ಟಿಯಾಗುತ್ತ ಕಿಲೋಗೆ ಸುಮಾರು 260 ಕಿಲೋಜೂಲ್ ಶಾಖ ಬಿಡುತ್ತದೆ. ಎಷ್ಟೇ ದೊಡ್ಡ ಚೀಲವಾದರೂ 58 ಡಿಗ್ರಿ ದಾಟದು. ಮರುಬಳಕೆಗೆ ಕುದಿಯುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡಬೇಕು. ಮೂಲೆಯಲ್ಲಿ ಒಂದೇ ಒಂದು ಬಿಳಿ ಕಣ ಕರಗದೆ ಉಳಿದರೂ ತಣಿಯುವಾಗಲೇ ಎಲ್ಲ ಗಟ್ಟಿಯಾಗುತ್ತದೆ. ಚೀಲ ಕೆಟ್ಟಿತು ಎಂದು ಬರೆದವರ ದೂರು ಬಹುಪಾಲು ಇದೇ.

ಈಗ ನಿಮ್ಮ ಪಾತ್ರೆಗೆ ಬರೋಣ. ಶೇ 5ರ ಒಂದು ಲೀಟರ್ ವಿನೆಗರ್‌ನಲ್ಲಿ 50 ಗ್ರಾಂ ಅಸಿಟಿಕ್ ಆಮ್ಲವಿದೆ, ಅದಕ್ಕೆ ಸರಿಹೊಂದುವುದು 70 ಗ್ರಾಂ ಸೋಡಾ. ಆದರೆ 66-68ಕ್ಕೇ ನಿಲ್ಲಿಸಿ. ಹುಳಿ ವಾಸನೆ ತುಸು ಉಳಿದಿರಲಿ. ಸೋಡಾ ಮಿಕ್ಕರೆ ಮಿಕ್ಕ ಸೋಡಾದ ಕಣವೇ ತೊಡಕು. ನೊರೆ ಉಕ್ಕುವುದರಿಂದ ಚಮಚ ಚಮಚವಾಗಿ ಹಾಕಿ. ಸ್ಟೀಲ್ ಪಾತ್ರೆಯಲ್ಲಿ, ಕಿಟಕಿ ತೆರೆದಿಟ್ಟು ಕುದಿಸಿ. ಒಂದು ಲೀಟರಿನಿಂದ ಬರುವುದು 110 ಗ್ರಾಂ ಆಸುಪಾಸು ಲವಣ ಮಾತ್ರ, ಆದ್ದರಿಂದ 100 ಮಿ.ಲೀ.ಗೆ ಇಳಿಯುವ ತನಕ ಕುದಿಸಬೇಕು. ಹೆಚ್ಚಿನವರು ಅರ್ಧದಲ್ಲೇ ಇಳಿಸಿ ‘ಆಗಲಿಲ್ಲ’ ಎನ್ನುತ್ತಾರೆ. ಮೇಲೆ ತೆಳು ಕೆನೆ ಕಟ್ಟಿದ ಕ್ಷಣ ಒಲೆ ಆರಿಸಿ, ಒಂದೆರಡು ಚಮಚ ನೀರು ಹಾಕಿ ಕೆನೆಯನ್ನು ಕರಗಿಸಿ.

ನಿಮ್ಮದು ಕೆಟ್ಟಿರುವುದು ಇದಾದ ಮೇಲೆ. ಕುದಿಯುವಾಗ ಸಿಡಿದ ಹನಿ ಪಾತ್ರೆಯ ಅಂಚಿನಲ್ಲಿ ಒಣಗಿ ಬಿಳಿ ಹೊಟ್ಟು ಕಟ್ಟಿರುತ್ತದೆ. ಸುರಿಯುವಾಗ ಅದರ ಚೂರೊಂದು ಜೊತೆಗೆ ಬಿದ್ದರೆ ಮುಗಿಯಿತು. ಒಣಗಿದ ಹೊಟ್ಟು ತಾಕದಂತೆ, ಬಿಸಿ ನೀರಿನಿಂದ ಜಾಲಿಸಿದ ಶುಚಿಯಾದ ಗ್ಲಾಸಿಗೆ ಸುರಿದು, ಗ್ಲಾಸಿನ ಒಳಗೋಡೆಗೆ ಹತ್ತಿದ ಹನಿಗಳನ್ನು ಕೆಲವೇ ತೊಟ್ಟು ಬಿಸಿ ನೀರಿನಿಂದ ಕೆಳಗಿಳಿಸಿ, ಕೂಡಲೇ ಮುಚ್ಚಿ. ಕೋಣೆಯ ತಾಪಮಾನಕ್ಕೆ ಬಂದ ಮೇಲೆ ಇದೇ ಲವಣದ ಒಂದು ಹರಳನ್ನು ಹಾಕಿ ನೋಡಿ: ಬಿದ್ದ ಜಾಗದಿಂದ ಬಿಳಿ ಸೂಜಿಗಳು ಬೀಸಣಿಗೆಯಂತೆ ಹರಡಿ ಕೆಲವೇ ಸೆಕೆಂಡಿಗೆ ಗ್ಲಾಸು ಬೆಚ್ಚಗಾಗುತ್ತದೆ.

ಪ್ರಶ್ನೆ: ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ ಎಂದಾದರೆ ಗೀಸರಿನ ಕಾಯಿಲ್ ಮೇಲೆ ಕಲ್ಲು ಕಟ್ಟುವುದೇಕೆ?

ಉತ್ತರ: ‘ಬಿಸಿಯಲ್ಲಿ ಹೆಚ್ಚು’ ಎಂಬುದು ಬಹಳಷ್ಟು ಲವಣಗಳ ಮಾತು, ಎಲ್ಲವುಗಳದ್ದಲ್ಲ. ಕರಗುವಾಗ ಶಾಖ ಹೀರುವ ಲವಣ ಬಿಸಿ ಮಾಡಿದಷ್ಟೂ ಹೆಚ್ಚು ಕರಗುತ್ತದೆ. ನವಸಾಗರ (ಅಮೋನಿಯಂ ಕ್ಲೋರೈಡ್) ಕರಗಿಸಿದರೆ ಲೋಟ ತಣ್ಣಗಾಗುವುದನ್ನು ನೋಡಿರುತ್ತೀರಿ. ಮಿತಿಯ ಹತ್ತಿರದ ದ್ರಾವಣದಲ್ಲಿ ಕರಗುತ್ತ ಶಾಖ ಬಿಡುವುದಾದರೆ ಉಲ್ಟಾ. ಸುಣ್ಣ ಲೀಟರಿಗೆ 20 ಡಿಗ್ರಿಯಲ್ಲಿ 1.7 ಗ್ರಾಂ ಕರಗಿದರೆ 100 ಡಿಗ್ರಿಯಲ್ಲಿ 0.7 ಗ್ರಾಂ ಮಾತ್ರ. ಸುಣ್ಣದ ತಿಳಿಯನ್ನು ಮುಚ್ಚಿ ಬಿಸಿ ಮಾಡಿದರೆ ಕಣ್ಣೆದುರೇ ಮಬ್ಬಾಗುತ್ತದೆ. ಸೋಡಿಯಂ ಸಲ್ಫೇಟ್‌ನದು ಇನ್ನೂ ವಿಚಿತ್ರ: ಹತ್ತು ನೀರು ಹೊತ್ತ ಅದರ ಹರಳು 32.4 ಡಿಗ್ರಿಯವರೆಗೆ ಭರದಿಂದ ಹೆಚ್ಚು ಹೆಚ್ಚು ಕರಗುತ್ತದೆ, ಮಿತಿ 50 ಗ್ರಾಂನ ಹತ್ತಿರಕ್ಕೆ ಹೋಗುತ್ತದೆ. ಅಲ್ಲಿಂದ ಮೇಲೆ ನೀರಿಲ್ಲದ ಲವಣವೇ ತಳದಲ್ಲಿ ಉಳಿಯುವುದರಿಂದ ಮಿತಿ ಮೆಲ್ಲಗೆ ಇಳಿಯತೊಡಗುತ್ತದೆ.

ಗೀಸರಿನ ಕಲ್ಲು ಬಹುತೇಕ ಕ್ಯಾಲ್ಸಿಯಂ ಕಾರ್ಬನೇಟ್. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಬಿಸಿಗೆ ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ, ಉಳಿದ ಕಾರ್ಬನೇಟ್ ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೆ, ಅಂದರೆ ಕಾಯಿಲ್‌ಗೇ ಹತ್ತುತ್ತದೆ. ಥರ್ಮೋಸ್ಟಾಟ್ 60 ಡಿಗ್ರಿ ದಾಟದಂತಿದ್ದರೆ ಕಲ್ಲು ಕಡಿಮೆ. ತೆಗೆಯಲು ಲೀಟರಿಗೆ 30 ಗ್ರಾಂ ಸಿಟ್ರಿಕ್ ಆಮ್ಲ, ಬೆಚ್ಚಗಿನ ನೀರು, ಅರ್ಧ ಗಂಟೆ. ಕುದಿಸಬೇಡಿ. ಕ್ಯಾಲ್ಸಿಯಂ ಸಿಟ್ರೇಟ್ ಕೂಡ ಬಿಸಿಯಲ್ಲಿ ಕಡಿಮೆ ಕರಗುವ ಜಾತಿ. ಒಂದು ಕಲ್ಲು ಹೋಗಿ ಇನ್ನೊಂದು ಕೂತೀತು. ಆಮ್ಲಕ್ಕೆ ಗುಳ್ಳೆಯೇ ಏಳದಿದ್ದರೆ ಅಲ್ಲಿ ಜಿಪ್ಸಂ ಇರಬಹುದು. ಅದಕ್ಕೆ ಈ ಮದ್ದು ನಾಟದು.

ಪ್ರಶ್ನೆ: ಸಮುದ್ರದ ನೀರಿನಲ್ಲಿ ಎಷ್ಟೋ ಲವಣಗಳಿವೆ. ಉಪ್ಪಿನಾಗರದಲ್ಲಿ ಅಡುಗೆ ಉಪ್ಪೊಂದೇ ಹೇಗೆ ಬೇರೆಯಾಗುತ್ತದೆ?

ಉತ್ತರ: ಮಿತಿ ಮುಟ್ಟುವ ಸರದಿ ಬೇರೆ ಬೇರೆ ಇರುವುದರಿಂದ. ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಆರುತ್ತ ಹೋದಂತೆ ಮೊದಲು ಕ್ಯಾಲ್ಸಿಯಂ ಕಾರ್ಬನೇಟ್, ನೀರು ಕಾಲುಭಾಗದ ಆಸುಪಾಸಿಗೆ ಇಳಿದಾಗ ಜಿಪ್ಸಂ, ಹತ್ತರಲ್ಲಿ ಒಂದು ಪಾಲಿಗೆ ಬಂದಾಗ ಅಡುಗೆ ಉಪ್ಪು. ಅದಕ್ಕೇ ನೀರನ್ನು ಪಾತಿಯಿಂದ ಪಾತಿಗೆ ಹಾಯಿಸುತ್ತಾರೆ: ಜಿಪ್ಸಂ ಹಿಂದಿನ ಪಾತಿಯಲ್ಲೇ ಉಳಿಯುತ್ತದೆ. ದ್ರಾವಣದ ಸಾಂದ್ರತೆ ಅಳೆಯುವ ಬೋಮೆ ಮಾಪಕದಲ್ಲಿ 25 ದಾಟಿದ ಮೇಲೆ ಉಪ್ಪು ಕೂರಲು ಶುರು. 29-30ರ ಹೊತ್ತಿಗೆ ಮಿಕ್ಕ ನೀರನ್ನು ಹೊರಬಿಡಬೇಕು. ಪೂರ್ತಿ ಆರಿಸುವ ಆಸೆಗೆ ಬಿದ್ದರೆ ಆ ನೀರಿನ ಮೆಗ್ನೀಸಿಯಂ ಲವಣಗಳೂ ಸೇರಿ ಉಪ್ಪು ಕಹಿಯಾಗುತ್ತದೆ, ಹವೆಯ ತೇವ ಹೀರಿ ಸದಾ ಜಿನುಗುತ್ತಿರುತ್ತದೆ.

ಪ್ರಶ್ನೆ: ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಮೂಡಿ ಗಾರೆ ಉದುರುತ್ತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಣ್ಣ ಬಳಿದರೂ ಮತ್ತೆ ಬರುತ್ತದೆ.

ಉತ್ತರ: ಒದ್ದೆ ಬಟ್ಟೆಯಿಂದ ಒರೆಸಿದಾಗ ಉಪ್ಪು ಕರಗಿ ಗೋಡೆಯೊಳಕ್ಕೇ ಮರಳಿತು. ಬಣ್ಣ ಬಳಿದಾಗ ನೀರು ಹೊರಗೆ ಆರುವ ದಾರಿ ಮುಚ್ಚಿತು. ಹೊರಮೈಯಲ್ಲಿ ಮೂಡುವ ಉಪ್ಪು ನೋಡಲು ಅಸಹ್ಯ, ಅಷ್ಟೇ. ಕೇಡು ಮಾಡುವುದು ಮೇಲ್ಮೈಗಿಂತ ತುಸು ಒಳಗೆ, ಗಾರೆಯ ರಂಧ್ರಗಳಲ್ಲಿ ಕಟ್ಟುವ ಹರಳು. ಇಕ್ಕಟ್ಟಿನಲ್ಲಿ ಬೆಳೆಯುವ ಹರಳು ರಂಧ್ರದ ಗೋಡೆಯನ್ನು ಒತ್ತುತ್ತದೆ. ಸೋಡಿಯಂ ಸಲ್ಫೇಟ್ ಇದರಲ್ಲಿ ಮಹಾ ತಂಟೆಕೋರ: ಒಣಗಿದ್ದಾಗ ಒಂದು ಪಾಲು ಜಾಗ ಹಿಡಿಯುವುದು ಹತ್ತು ನೀರು ಹೊತ್ತ ಹರಳಾದಾಗ ಸುಮಾರು ನಾಲ್ಕು ಪಾಲು ಕೇಳುತ್ತದೆ. ಪ್ರತಿ ಸಲ ಒದ್ದೆಯಾಗಿ ಒಣಗಿದಾಗಲೂ ಇನ್ನೊಂದು ಪದರ ಸಡಿಲ.

ಒಣ ಬ್ರಷ್‌ನಿಂದ ಉಜ್ಜಿ, ಬಿದ್ದ ಪುಡಿಯನ್ನು ಗುಡಿಸಿ ಹೊರಹಾಕಿ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ: ಸೋರುವ ಪೈಪೋ, ಗೋಡೆಗೆ ತಾಗಿ ನಿಂತ ಮಣ್ಣೋ, ನೆಲದಿಂದ ಏರುವ ತೇವವೋ. ಅದನ್ನು ನಿಲ್ಲಿಸಿ ಗೋಡೆ ಪೂರ್ತಿ ಒಣಗುವ ತನಕ ಹೊಸ ಗಾರೆ ಬೇಡ. ಆಮೇಲೂ ಉಸಿರಾಡುವ ಸುಣ್ಣದ ಗಾರೆ, ಸುಣ್ಣದ ಬಣ್ಣವೇ ವಾಸಿ. ಪ್ಲಾಸ್ಟಿಕ್ ಹಾಳೆಯಂತೆ ಮುಚ್ಚುವ ಬಣ್ಣ ಬಳಿದರೆ ಹರಳು ಅದರ ಹಿಂದೆ ಕಟ್ಟಿ ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ.

ಪ್ರಶ್ನೆ: ಹವೆಯ ತೇವ ಅಳೆಯುವ ಮಾಪಕ ಸರಿ ಇದೆಯೇ ಎಂದು ಅಡುಗೆ ಉಪ್ಪಿನಿಂದ ತಿಳಿಯಬಹುದಂತೆ. ನಿಜವೇ?

ಉತ್ತರ: ನಿಜ, ಪ್ರಯೋಗಾಲಯಗಳಲ್ಲೂ ಮಾಡುತ್ತಾರೆ. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ. ಮುಚ್ಚಳವನ್ನೂ ಮಾಪಕವನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ತಾಪಮಾನ ಏರಿಳಿಯದ ಕಡೆ ಹನ್ನೆರಡು ಗಂಟೆ ಬಿಡಿ. 20ರಿಂದ 30 ಡಿಗ್ರಿಯ ನಡುವೆ ಎಲ್ಲಿದ್ದರೂ ಮಾಪಕ ಶೇ 75 ತೋರಿಸಬೇಕು. ಡಬ್ಬಿಯ ಗಾಳಿ ಒಣಗಿದ್ದರೆ ಒದ್ದೆ ಉಪ್ಪಿನಿಂದ ನೀರು ಆರಿ ಒಂದಿಷ್ಟು ಉಪ್ಪು ಹರಳಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಉಪ್ಪು ಅದನ್ನು ಹೀರಿ ಒಂದಿಷ್ಟು ಕರಗುತ್ತದೆ. ಎರಡೂ ಸಂದರ್ಭದಲ್ಲಿ ದ್ರಾವಣ ಪರ್ಯಾಪ್ತವಾಗಿಯೇ ಉಳಿಯುವುದರಿಂದ ಗಾಳಿ 75ರಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ತೇವ ಶೇ 75 ದಾಟಿದೊಡನೆ ಉಪ್ಪಿನ ಡಬ್ಬಿ ನೀರೊಡೆಯುವುದಕ್ಕೂ ಇದೇ ಕಾರಣ.

ತಪ್ಪುವುದು ಎರಡು ಕಡೆ. ನೀರು ಜಾಸ್ತಿಯಾಗಿ ಉಪ್ಪೆಲ್ಲ ಕರಗಿಬಿಟ್ಟರೆ ಆ ದ್ರಾವಣ ಪರ್ಯಾಪ್ತವಲ್ಲ, ಮಾಪಕ ಶೇ 80ಕ್ಕೂ 90ಕ್ಕೂ ಹೋಗುತ್ತದೆ. ಕಣ್ಣಿಗೆ ಕಾಣುವಂತೆ ಉಪ್ಪಿನ ಕಾಳು ಉಳಿದಿರಲೇಬೇಕು. ಇನ್ನೊಂದು, ಎರಡೇ ಗಂಟೆಗೆ ಮುಚ್ಚಳ ತೆರೆದು ನೋಡುವ ಚಪಲ. ನಿಮ್ಮ ಮಾಪಕ 71 ತೋರಿಸಿದರೆ ‘4 ಕೂಡಿಸಿ’ ಎಂದು ಅದರ ಬೆನ್ನಿಗೆ ಚೀಟಿ ಅಂಟಿಸಿ. ಕೆಳಗಿನ ಅಂಕಿಗಳೂ ಸರಿ ಇವೆಯೇ ಎಂದು ನೋಡಬೇಕಾದರೆ ಮೆಗ್ನೀಸಿಯಂ ಕ್ಲೋರೈಡ್‌ನಿಂದ ಇದನ್ನೇ ಮಾಡಿ. ಅದು ಶೇ 33ರಲ್ಲಿ ನಿಲ್ಲುತ್ತದೆ.